ಒಂದೂವರೆ ತಾಸಿನ ಗ್ರೇವಿ, ನಾಲ್ಕು ಹೊತ್ತಿನ ಊಟ

ಇಟಗಿಯ ಮಹಾದೇವ ದೇವಾಲಯ ನೋಡಿಕೊಂಡು ಮರಳುವವರು ಹೆದ್ದಾರಿ ಬದಿಯ ಧಾಬಾದಲ್ಲೋ, ಕೊಪ್ಪಳ ಇಲ್ಲವೇ ಗದಗಿನ ಯಾವುದಾದರೂ ಖಾನಾವಳಿಯಲ್ಲೋ ಊಟಕ್ಕೆ ಇಳಿಯುತ್ತಾರೆ. ರೊಟ್ಟಿ, ವೆಜ್ ಕೊಲ್ಹಾಪುರಿ, ಕಾಜು ಮಸಾಲಾ ಎಂದು ಹೇಳಿ ಕೈ ತೊಳೆದು ಬರುವಷ್ಟರಲ್ಲಿ ಪಲ್ಯ ತಯಾರು. ಅದನ್ನೇ ಮನೆಯಲ್ಲಿ ಮಾಡಹೋದರೆ ತಾಸು ಹಿಡಿಯುತ್ತದೆ, ರುಚಿಯೂ ಅಲ್ಲಿಗೆ ಮುಟ್ಟುವುದಿಲ್ಲ. ‘ಎಲ್ಲಾ ಮಸಾಲಿ ಹಾಕಿದ್ರೂ ಹೋಟೆಲ್ ರುಚಿ ಯಾಕ ಬರೂದಿಲ್ರಿ?’ ಎಂಬ ಮಾತು ನಮ್ಮ ಭಾಗದ ಅಡುಗೆಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಂಗಡಿಯಲ್ಲಿ ಸಿಗುವ ಯಾವುದೋ ಪುಡಿಯಲ್ಲಿ ಗುಟ್ಟು ಅಡಗಿದೆ ಎಂದುಕೊಂಡು ಹತ್ತಾರು ಪೊಟ್ಟಣ ತಂದವರೂ ಇದ್ದಾರೆ. ಗುಟ್ಟು ಇರುವುದು ಒಲೆಯ ಪಕ್ಕದ ದೊಡ್ಡ ಪಾತ್ರೆಯಲ್ಲಿ. ಅದರೊಳಗೆ ಬೆಳಗಿನಿಂದ ಬೆಂದು ಸಿದ್ಧವಾಗಿರುವುದೇ ಬೇಸ್ ಗ್ರೇವಿ.

ಗಿರಾಕಿ ಹೆಚ್ಚಿರುವ ಯಾವುದೇ ಹೋಟೆಲಿನ ಅಡುಗೆಮನೆಯ ಕಿಟಕಿಯ ಹತ್ತಿರ ಐದು ನಿಮಿಷ ನಿಂತು ನೋಡಿ. ಆರ್ಡರ್ ಬಂದ ಕೂಡಲೇ ಭಟ್ಟರು ಉಳ್ಳಾಗಡ್ಡಿ ಹೆಚ್ಚಲು ಕೂರುವುದಿಲ್ಲ. ಕಬ್ಬಿಣದ ಕಡಾಯಿ ಕಾದು ಹೊಗೆಯಾಡುತ್ತಿರುತ್ತದೆ. ಒಂದಿಷ್ಟು ಎಣ್ಣೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಬಿದ್ದ ಬೆನ್ನಿಗೇ ಎರಡು ಸೌಟು ಗ್ರೇವಿ ಬೀಳುತ್ತದೆ. ಚರ್‍ರೆಂದು ಸದ್ದಾಗಿ ಅಂಚಿನಲ್ಲಿ ಗ್ರೇವಿ ಹಿಡಿದುಕೊಳ್ಳುತ್ತದೆ. ಅದನ್ನು ಸೌಟಿನಿಂದ ಕೆರೆದು ಒಳಗೆ ಸೇರಿಸಿ, ಬೆಂದ ತರಕಾರಿಯನ್ನೋ ಪನೀರನ್ನೋ ಹಾಕಿ, ಕೈಯಲ್ಲಿ ತಿಕ್ಕಿದ ಕಸೂರಿ ಮೇಥಿ ಉದುರಿಸಿ ಇಳಿಸುತ್ತಾರೆ. ನಾಲ್ಕೈದು ನಿಮಿಷದ ಕೆಲಸ. ತಾಸುಗಟ್ಟಲೆ ಹಿಡಿಯುವ ಕೆಲಸ ಗಿರಾಕಿ ಬರುವ ಮೊದಲೇ ಮುಗಿದಿರುತ್ತದೆ.

ದೊಡ್ಡ ಹೋಟೆಲುಗಳಲ್ಲಿ ಇಂಥ ಗ್ರೇವಿ ಮೂರು ಬಗೆ. ಟೊಮೆಟೊ, ಬೆಣ್ಣೆ ಮುಂದಾಗಿರುವ ಕೆಂಪು ಗ್ರೇವಿ. ಬೇಯಿಸಿದ ಉಳ್ಳಾಗಡ್ಡಿ, ಗೋಡಂಬಿ ಅರೆದ ಬಿಳಿ ಗ್ರೇವಿ. ಕಂದು ಬಣ್ಣಕ್ಕೆ ಹುರಿದ ಉಳ್ಳಾಗಡ್ಡಿಯ ಗ್ರೇವಿ. ಮೆನುವಿನಲ್ಲಿ ನೂರು ಹೆಸರಿದ್ದರೂ ಬಹುಪಾಲು ಪಲ್ಯಗಳು ಈ ಮೂರರಿಂದ, ಇವುಗಳನ್ನು ಬೆರೆಸಿದ ಪ್ರಮಾಣದಿಂದ ಹುಟ್ಟುತ್ತವೆ. ಮನೆಗೆ ಮೂರೂ ಬೇಡ. ಉಳ್ಳಾಗಡ್ಡಿ, ಟೊಮೆಟೊ ಎರಡೂ ಸೇರಿದ ಒಂದು ಗ್ರೇವಿ ಸಾಕು.

ಇದನ್ನು ಕೇಳಿ ‘ಇದೆಲ್ಲಾ ನಮ್ಮದಲ್ಲ, ಪಂಜಾಬಿ ಅಡುಗೆ’ ಎನ್ನುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಡುವುದು ಉತ್ತರ ಕರ್ನಾಟಕದ ಮನೆಗಳ ಹಳೆಯ ರೂಢಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕಿ, ತೊಟ್ಟು ಬಿಡಿಸಿ, ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ಚಕ್ಕೆ, ಗಸಗಸೆ, ಒಣಕೊಬ್ಬರಿಯನ್ನು ಬೇರೆ ಬೇರೆಯಾಗಿ ಎಣ್ಣೆಯಲ್ಲಿ ಹುರಿದು, ಬಳ್ಳೊಳ್ಳಿ ಸೇರಿಸಿ ಕುಟ್ಟಿ, ಡಬ್ಬಿಗೆ ಒತ್ತಿ ತುಂಬಿಡುತ್ತಾರೆ. ಎರಡು ದಿನದ ಆ ದುಡಿಮೆಯಿಂದ ವರ್ಷವಿಡೀ ಒಂದು ಚಮಚ ಖಾರದಲ್ಲಿ ಪಲ್ಯ ಆಗುತ್ತದೆ. ಉದ್ದದ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿ, ದಿನದ ಕೆಲಸವನ್ನು ಗಿಡ್ಡ ಮಾಡಿಕೊಳ್ಳುವ ಈ ಬುದ್ಧಿಯೇ ಹೋಟೆಲಿನ ಗ್ರೇವಿಯ ಹಿಂದೆಯೂ ಇದೆ. ನಮ್ಮ ಮಸಾಲೆ ಖಾರ ಒಣ ಬೇಸ್, ಅವರದು ಹಸಿ ಬೇಸ್. ಎರಡನ್ನೂ ಕೂಡಿಸಿದರೆ ಎಷ್ಟು ಅನುಕೂಲ ಎಂಬುದನ್ನು ಹೇಳಲಿಕ್ಕೇ ಈ ಬರಹ.

ಮೊದಲು ಉಳ್ಳಾಗಡ್ಡಿಯ ಸಂಗತಿ. ಗ್ರೇವಿಯ ರುಚಿಯಲ್ಲಿ ಮುಕ್ಕಾಲು ಪಾಲು ಅದರದೇ. ಒಂದು ಕಿಲೋ ಉಳ್ಳಾಗಡ್ಡಿಯಲ್ಲಿ ಸುಮಾರು 890 ಗ್ರಾಂ ನೀರೇ ಇರುತ್ತದೆ. ನೀರು ಇರುವ ತನಕ ಕಡಾಯಿಯೊಳಗಿನ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳ್ಳಾಗಡ್ಡಿ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ನೀರು ಆರಿದ ಮೇಲೆ ಶಾಖ ಏರುತ್ತದೆ. 140 ಡಿಗ್ರಿ ದಾಟುವ ಹೊತ್ತಿಗೆ ಉಳ್ಳಾಗಡ್ಡಿಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಂದಕ್ಕೊಂದು ಕೂಡಿ ಹೊಸ ಪರಿಮಳ, ಹೊಸ ಬಣ್ಣ ಹುಟ್ಟಿಸತೊಡಗುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮಿಯ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಗೆ ಅವನದೇ ಹೆಸರು ಉಳಿದಿದೆ. ಕಟಕಲು ರೊಟ್ಟಿಯ ಮೇಲಿನ ಕಂದು ಚುಕ್ಕೆಗಳೂ, ಹುರಿದ ಶೇಂಗಾದ ವಾಸನೆಯೂ ಇದೇ ಕ್ರಿಯೆಯಿಂದ ಬರುತ್ತವೆ. ಮನೆಯಲ್ಲಿ ನಾವು ಮಾಡುವುದೇನು? ಹೊಲದಿಂದಲೋ ಕಚೇರಿಯಿಂದಲೋ ಬಂದು, ಹಸಿದ ಮಕ್ಕಳನ್ನು ಎದುರಿಗೆ ಇಟ್ಟುಕೊಂಡು, ಉಳ್ಳಾಗಡ್ಡಿಯನ್ನು ಐದು ನಿಮಿಷ ಬಾಡಿಸಿ ಟೊಮೆಟೊ ಹಾಕಿಬಿಡುತ್ತೇವೆ. ನೀರು ಆರುವ ಮೊದಲೇ ಮತ್ತೆ ನೀರು ಬಿತ್ತು. ಆ ಪರಿಮಳ ಹುಟ್ಟಲು ಅವಕಾಶವೇ ಸಿಗಲಿಲ್ಲ. ಕೊನೆಗೆ ಎಷ್ಟು ಗರಂ ಮಸಾಲೆ ಸುರಿದರೂ ಆ ಕೊರತೆ ತುಂಬುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹಸಿ ಉಳ್ಳಾಗಡ್ಡಿಯನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಅರೆಯಬೇಡಿ. ಅರೆದಾಗ ಅದರ ಜೀವಕೋಶಗಳು ಒಡೆದು, ಒಳಗಿನ ಕಿಣ್ವಗಳು ಗಂಧಕದ ಅಂಶಗಳ ಮೇಲೆ ಕೆಲಸ ಮಾಡಿ, ಘಾಟು ಮತ್ತು ಕಹಿ ಹೆಚ್ಚುತ್ತದೆ. ಮೊದಲು ಹುರಿಯಬೇಕು ಇಲ್ಲವೇ ಬೇಯಿಸಬೇಕು, ಆಮೇಲೆ ಅರೆಯಬೇಕು.

ಈಗ ಅಳತೆ. ಉಳ್ಳಾಗಡ್ಡಿ 1 ಕಿಲೋ, ಚೆನ್ನಾಗಿ ಹಣ್ಣಾದ ಟೊಮೆಟೊ 600 ಗ್ರಾಂ, ಬಳ್ಳೊಳ್ಳಿ 40 ಗ್ರಾಂ, ಹಸಿಶುಂಠಿ 30 ಗ್ರಾಂ, ಶೇಂಗಾ ಎಣ್ಣೆ 150 ಮಿಲಿ ಲೀಟರ್, ಹುರಿದು ಸಿಪ್ಪೆ ತೆಗೆದ ಶೇಂಗಾ 50 ಗ್ರಾಂ, ಕೊತ್ತಂಬರಿ ಪುಡಿ 3 ದೊಡ್ಡ ಚಮಚ, ಬ್ಯಾಡಗಿ ಖಾರದ ಪುಡಿ 2 ದೊಡ್ಡ ಚಮಚ, ಜೀರಿಗೆ ಪುಡಿ 1 ದೊಡ್ಡ ಚಮಚ, ಅರಿಶಿಣ ಅರ್ಧ ಸಣ್ಣ ಚಮಚ, ಉಪ್ಪು. ಶೇಂಗಾ ಬದಲು ಗೋಡಂಬಿ ಹಾಕುವವರು ಹಾಕಲಿ. ಗ್ರೇವಿಗೆ ಮೈ ಕೊಡುವ ಕೆಲಸವನ್ನು ನಮ್ಮ ಹೊಲದ ಶೇಂಗಾ ಏನೂ ಕಡಿಮೆ ಮಾಡುವುದಿಲ್ಲ.

ಉಳ್ಳಾಗಡ್ಡಿಯನ್ನು ಉದ್ದುದ್ದಕ್ಕೆ, ಒಂದೇ ದಪ್ಪದಲ್ಲಿ ತೆಳ್ಳಗೆ ಹೆಚ್ಚಿಕೊಳ್ಳಿ. ದಪ್ಪ ತಳದ ಅಗಲ ಕಡಾಯಿಯಲ್ಲಿ ಎಣ್ಣೆ ಕಾಯಿಸಿ, ಉಳ್ಳಾಗಡ್ಡಿ ಹಾಕಿ, ಒಂದು ಚಿಟಿಕೆ ಉಪ್ಪು ಉದುರಿಸಿ. ಉಪ್ಪು ನೀರನ್ನು ಬೇಗ ಹೊರಗೆಳೆಯುತ್ತದೆ. ಮೊದಲ ಹತ್ತು ನಿಮಿಷ ಉರಿ ಜೋರಾಗಿರಲಿ. ಕಡಾಯಿ ತುಂಬ ಹಬೆ. ಉಳ್ಳಾಗಡ್ಡಿ ಮೆತ್ತಗಾಗಿ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಉರಿ ಮಧ್ಯಮಕ್ಕೆ ತನ್ನಿ. ಈಗ ಕಿವಿಗೂ ಕೆಲಸವಿದೆ. ಕುದಿಯುವ ಬುಳುಬುಳು ಸದ್ದು ಹೋಗಿ, ಹುರಿಯುವ ಚಿರಿಚಿರಿ ಸದ್ದು ಬಂದರೆ ನೀರು ಮುಗಿಯಿತು ಎಂದು ತಿಳಿಯಿರಿ. ಇಲ್ಲಿಂದ ಬಿಟ್ಟು ಹೋಗುವಂತಿಲ್ಲ. ಮೊದಲು ಗಾಜಿನಂತಿದ್ದ ಎಸಳುಗಳ ಅಂಚು ಹಳದಿಯಾಗುತ್ತದೆ, ಆಮೇಲೆ ಹೊಂಬಣ್ಣ, ಆಮೇಲೆ ಬೆಲ್ಲದ ಬಣ್ಣ. ತಳ ಹಿಡಿಯುತ್ತಿದ್ದರೆ ಎರಡು ಚಮಚ ನೀರು ಚಿಮುಕಿಸಿ ಕೆರೆಯಿರಿ. ತಳದ ಆ ಕಂದು ಪದರದಲ್ಲೇ ರುಚಿ ಇರುವುದು. ಒಟ್ಟು ಮೂವತ್ತೈದರಿಂದ ನಲವತ್ತು ನಿಮಿಷ ಬೇಕು. ಬೆಲ್ಲದ ಬಣ್ಣ ದಾಟಿ ಕಪ್ಪಿಗೆ ತಿರುಗಿದ ಎಸಳುಗಳು ಕಂಡರೆ ತೆಗೆದು ಹಾಕಿ, ಇಡೀ ಗ್ರೇವಿ ಕಹಿಯಾದೀತು. ಬೇಗ ಕೆಂಪಗಾಗಲೆಂದು ಕೆಲವರು ಸೋಡಾ ಹಾಕುತ್ತಾರೆ. ಬಣ್ಣವೇನೋ ಬೇಗ ಬರುತ್ತದೆ, ಆದರೆ ಉಳ್ಳಾಗಡ್ಡಿ ಅಂಟಂಟಾಗಿ ರುಚಿ ಕೆಡುತ್ತದೆ. ಮನೆಗೆ ಅದು ಬೇಡ.

ಅರೆದ ಶುಂಠಿ, ಬಳ್ಳೊಳ್ಳಿ ಹಾಕಿ ಹಸಿವಾಸನೆ ಹೋಗುವ ತನಕ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಇನ್ನು ಪುಡಿಗಳು. ಬಹಳ ಜನ ಎಡವುವುದು ಇಲ್ಲೇ. ಖಾರದ ಪುಡಿಯ ಕೆಂಪು ಬಣ್ಣವೂ ಅರಿಶಿಣದ ಹಳದಿಯೂ ಎಣ್ಣೆಯಲ್ಲಿ ಕರಗುವಂಥವು, ನೀರಿನಲ್ಲಿ ಕರಗುವಂಥವಲ್ಲ. ಹಾಗಾಗಿ ಟೊಮೆಟೊ ಬೀಳುವ ಮೊದಲೇ ಅವು ಎಣ್ಣೆ ಕುಡಿಯಬೇಕು. ಆದರೆ ಜೋರು ಉರಿಯಲ್ಲಿ ಖಾರದ ಪುಡಿ ಅರೆಕ್ಷಣದಲ್ಲಿ ಸೀಯುತ್ತದೆ. ಉರಿ ಪೂರ್ತಿ ಇಳಿಸಿ, ಪುಡಿಗಳನ್ನು ನಾಲ್ಕು ಚಮಚ ನೀರಿನಲ್ಲಿ ಕಲಸಿ ಹಾಕಿ. ನೀರು ಆರುತ್ತಾ ಎಣ್ಣೆ ಕೆಂಪೇರುವುದು ಕಣ್ಣಿಗೆ ಕಾಣುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತು 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹೋಟೆಲಿನವರು ಕಾಶ್ಮೀರಿ ಖಾರ ಎಂದು ಹುಡುಕುವ ಗುಣ ನಮ್ಮ ಮನೆಯ ಡಬ್ಬಿಯಲ್ಲೇ ಇದೆ. ಕೃತಕ ಕೆಂಪು ಬಣ್ಣ ತರುವ ಅಗತ್ಯವೇ ಇಲ್ಲ.

ಅರೆದ ಟೊಮೆಟೊ, ಸ್ವಲ್ಪ ಉಪ್ಪು ಹಾಕಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ. ಎಣ್ಣೆ ಬಿಡಬೇಕು ಎಂದು ಹಿರಿಯರು ಹೇಳುವುದಕ್ಕೆ ಕಾರಣವಿದೆ. ನೀರಿನಂಶ ಇರುವ ತನಕ ಎಣ್ಣೆ ಅದರೊಳಗೆ ಸಣ್ಣ ಹನಿಗಳಾಗಿ ಬೆರೆತಿರುತ್ತದೆ. ನೀರು ಆರಿದಂತೆ ಆ ಬೆಸುಗೆ ಒಡೆದು ಎಣ್ಣೆ ಅಂಚಿಗೆ ಬಂದು ನಿಲ್ಲುತ್ತದೆ. ಹಸಿತನ ಹೋಯಿತು, ಟೊಮೆಟೊದ ಹುಳಿ ಹದಕ್ಕೆ ಬಂತು ಎಂಬುದಕ್ಕೆ ಅದೇ ಗುರುತು. ಇಳಿಸಿ, ಆರಿಸಿ, ಶೇಂಗಾ ಸೇರಿಸಿ ನುಣ್ಣಗೆ ಅರೆಯಿರಿ. ಮತ್ತೆ ಕಡಾಯಿಗೆ ಹಾಕಿ 400 ಮಿಲಿ ಲೀಟರ್ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿದರೆ ಒಂದು ಲೀಟರಿಗಿಂತ ತುಸು ಹೆಚ್ಚು ಗ್ರೇವಿ ಸಿದ್ಧ. ನಾಲ್ಕು ಜನರ ಮನೆಗೆ ನಾಲ್ಕು ಹೊತ್ತಿಗೆ ಸಾಕು. ಎಣ್ಣೆ ಬಹಳವಾಯಿತೆಂದು ಹೆದರಬೇಡಿ: 150 ಮಿಲಿ ಲೀಟರನ್ನು ಹದಿನಾರು ಪಾಲು ಮಾಡಿದರೆ ಒಬ್ಬರ ಒಂದು ಊಟಕ್ಕೆ ಬರುವುದು ಎರಡು ಸಣ್ಣ ಚಮಚದಷ್ಟೇ.

ಗ್ರೇವಿಗೆ ಗರಂ ಮಸಾಲೆ, ಕಸೂರಿ ಮೇಥಿ, ಸಕ್ಕರೆ ಹಾಕಿಲ್ಲ, ಉಪ್ಪು, ಖಾರವನ್ನೂ ಕೈಹಿಡಿದು ಹಾಕಿದ್ದೇವೆ. ಇದು ಬೇಕೆಂದೇ ಮಾಡಿದ್ದು. ಬೇಸ್‌ಗೆ ತನ್ನದೇ ಗಟ್ಟಿ ರುಚಿ ಇದ್ದರೆ ಎಲ್ಲ ಪಲ್ಯಗಳೂ ಒಂದೇ ಥರ ಆಗುತ್ತವೆ. ಬೇರೆ ಬೇರೆ ಮಾಡುವುದು ಕೊನೆಯ ಐದು ನಿಮಿಷದಲ್ಲಿ. ಪನೀರ್ ಬಟರ್ ಮಸಾಲಾ ಆಗಬೇಕೇ? ಬೆಣ್ಣೆಯಲ್ಲಿ ಇನ್ನೊಂದು ಅರೆದ ಟೊಮೆಟೊ ಬಾಡಿಸಿ, ಎರಡು ಸೌಟು ಗ್ರೇವಿ, ಒಂದು ಚಮಚ ಕೆನೆ, ಚಿಟಿಕೆ ಸಕ್ಕರೆ, ಕಸೂರಿ ಮೇಥಿ. ಕಡಾಯಿ ತರಕಾರಿ ಆಗಬೇಕೇ? ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿಯನ್ನು ಹುರಿದು ತರಿತರಿಯಾಗಿ ಕುಟ್ಟಿ, ಡೊಣ್ಣ ಮೆಣಸಿನಕಾಯಿಯನ್ನು ಜೋರು ಉರಿಯಲ್ಲಿ ಹುರಿದು ಗ್ರೇವಿ ಸೇರಿಸಿ. ಕೊಲ್ಹಾಪುರಿಗೆ ಹುರಿದ ಎಳ್ಳು, ಒಣಕೊಬ್ಬರಿ ಅರೆದು, ಒಂದು ಚಮಚ ಮನೆಯ ಮಸಾಲೆ ಖಾರ. ತತ್ತಿ ತಿನ್ನುವವರು ಬೇಯಿಸಿದ ತತ್ತಿಯನ್ನು ಎಣ್ಣೆಯಲ್ಲಿ ಹೊರಳಾಡಿಸಿ ಹಾಕಲಿ. ಒಂದು ಮಾತು ನೆನಪಿರಲಿ: ಹೋಟೆಲಿನ ಉರಿ ಮನೆಯ ಗ್ಯಾಸಿಗಿಲ್ಲ. ಹತ್ತು ಜನರ ಪಲ್ಯವನ್ನು ಒಂದೇ ಸಲ ಹಾಕಿದರೆ ಕಡಾಯಿ ತಣ್ಣಗಾಗುತ್ತದೆ. ಕಡಾಯಿಯನ್ನು ಚೆನ್ನಾಗಿ ಕಾಯಿಸಿ, ಎರಡು ಸಲ ಮಾಡಿ. ಗ್ರೇವಿ ಕಾದ ಕಬ್ಬಿಣಕ್ಕೆ ತಾಗಿ ಅಂಚಿನಲ್ಲಿ ಹಿಡಿದುಕೊಂಡಾಗಲೇ ಆ ಹೋಟೆಲ್ ವಾಸನೆ ಏಳುವುದು.

ನಿಂತು ಹುರಿಯಲು ಆಗದವರಿಗೆ ಇನ್ನೊಂದು ದಾರಿ ಇದೆ. ಇಂಗ್ಲೆಂಡಿನ ಕರಿ ಹೋಟೆಲುಗಳಲ್ಲಿ ಬಹಳಷ್ಟನ್ನು ಕಟ್ಟಿ ಬೆಳೆಸಿದವರು ಬಾಂಗ್ಲಾದ ಸಿಲ್ಹೆಟ್ ಕಡೆಯಿಂದ ಹೋದ ಜನ. ಅಲ್ಲಿ ಉಳ್ಳಾಗಡ್ಡಿಯನ್ನು ಶುಂಠಿ, ಬಳ್ಳೊಳ್ಳಿಯೊಂದಿಗೆ ನೀರಿನಲ್ಲಿ ಬೇಯಿಸಿ, ಅರೆದು, ಟೊಮೆಟೊ, ಅರಿಶಿಣ ಹಾಕಿ ಕುದಿಸಿ, ಮೇಲೆ ಬಂದ ನೊರೆ ತೆಗೆದು ಬೇಸ್ ಮಾಡುತ್ತಾರೆ. ಅಡುಗೆಮನೆಯೊಳಗೇ ಉಳಿದಿದ್ದ ಈ ಕ್ರಮವನ್ನು ಕ್ರಿಸ್ ಧಿಲ್ಲೋನ್ ಎಂಬ ಲೇಖಕಿ 1989ರಲ್ಲಿ ‘ದಿ ಕರಿ ಸೀಕ್ರೆಟ್’ ಎಂಬ ಪುಸ್ತಕದಲ್ಲಿ ಮನೆಯವರಿಗೂ ತಿಳಿಯುವಂತೆ ಬರೆದರು. ಇದಕ್ಕೆ ಎಣ್ಣೆ ಕಡಿಮೆ ಸಾಕು, ಕುಕ್ಕರಿನಲ್ಲೂ ಆಗುತ್ತದೆ. ಕಂದು ಬಣ್ಣದ ಆಳ ಇದರಲ್ಲಿ ಇರುವುದಿಲ್ಲವಾದ್ದರಿಂದ ಒಗ್ಗರಣೆಯಲ್ಲಿ ಜೋರು ಉರಿ ಕೊಡಬೇಕಾಗುತ್ತದೆ.

ಟೊಮೆಟೊ ಬೆಲೆ ಏರಿದ ದಿನಗಳಿಗೆ ನಮ್ಮದೇ ಬೇಸ್ ಇದೆ. ಎಣ್ಣೆಗಾಯಿ ಬದನೆಯ ಹೊಟ್ಟೆಗೆ ತುಂಬುವ ಮಸಾಲೆಯನ್ನು ಸ್ವಲ್ಪ ಸಡಿಲ ಮಾಡಿದರೆ ಅದೇ ಗ್ರೇವಿ. ಅರ್ಧ ಕಿಲೋ ಉಳ್ಳಾಗಡ್ಡಿಯನ್ನು ಮೇಲಿನಂತೆಯೇ ಹುರಿಯಿರಿ. ಶೇಂಗಾ 75 ಗ್ರಾಂ, ಒಣಕೊಬ್ಬರಿ 75 ಗ್ರಾಂ, ಎಳ್ಳು 25 ಗ್ರಾಂ, ಗುರೆಳ್ಳು 25 ಗ್ರಾಂ ಬೇರೆ ಬೇರೆಯಾಗಿ ಹುರಿಯಿರಿ. ಮೂರು ಚಮಚ ಮಸಾಲೆ ಖಾರ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಚೂರು ಬೆಲ್ಲ ಸೇರಿಸಿ ಅರೆದು, ನೀರು ಹಾಕಿ ಎಣ್ಣೆ ಬಿಡುವ ತನಕ ಕುದಿಸಿ. ಗುರೆಳ್ಳು ಹೆಚ್ಚು ಹುರಿದರೆ ಕಹಿ, ಚಟಪಟ ಎಂದ ಕೂಡಲೇ ಇಳಿಸಿ. ಬದನೆ, ಹೀರೇಕಾಯಿ, ಡೊಣ್ಣ ಮೆಣಸಿನಕಾಯಿ, ಮಡಿಕೆ ಕಾಳು ಯಾವುದಕ್ಕೂ ಇದು ಹೊಂದುತ್ತದೆ. ಜೋಳದ ರೊಟ್ಟಿಯ ಜೊತೆ ಕೆಂಪು ಗ್ರೇವಿಗಿಂತ ಇದೇ ಒಂದು ಕೈ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟೊಮೆಟೊ ಇಲ್ಲದೆ ಗ್ರೇವಿಯೇ ಎಂದು ಹುಬ್ಬೇರಿಸುವವರು ಇಟಗಿಯ ಗುಡಿಯ ಕಾಲವನ್ನು ನೆನೆಯಲಿ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಈ ದೇವಾಲಯ ಕಟ್ಟಿಸಿದಾಗ ಈ ನೆಲದಲ್ಲಿ ಟೊಮೆಟೊ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾ ಕೂಡ ಇರಲಿಲ್ಲ. ಮೂರೂ ಅಮೆರಿಕ ಖಂಡದ ಬೆಳೆಗಳು, ಯುರೋಪಿನವರು ಸಮುದ್ರ ದಾಟಿ ಬಂದ ಮೇಲೆ ಇಲ್ಲಿಗೆ ಬಂದವು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ದೊಡ್ಡ ಭಾಗವೇ ಇದೆ, ಅಲ್ಲಿ ಖಾರ ಕೊಡುವುದು ಕರಿಮೆಣಸು, ಪರಿಮಳ ಕೊಡುವುದು ಇಂಗು, ಜೀರಿಗೆ. ನಾಲ್ಕು ಶತಮಾನದ ಆಮೇಲೆ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಗಳಿವೆ, ಅವಕ್ಕೂ ಟೊಮೆಟೊದ ಹಂಗಿಲ್ಲ. ಇಂದು ಎಲ್ಲೆಡೆ ಹಬ್ಬಿರುವ ಬಟರ್ ಮಸಾಲಾ ಗ್ರೇವಿಯಂತೂ ತೀರಾ ಇತ್ತೀಚಿನದು. ದೇಶ ವಿಭಜನೆಯ ಹೊತ್ತಿಗೆ ಪೇಶಾವರದಿಂದ ಬಂದವರು ದೆಹಲಿಯ ದರಿಯಾಗಂಜ್‌ನಲ್ಲಿ ತೆರೆದ ಮೋತಿ ಮಹಲ್ ಹೋಟೆಲಿನಿಂದ ಅದು ಹೆಸರಾಯಿತು. ಸಾಮಗ್ರಿ ಕಾಲಕಾಲಕ್ಕೆ ಬದಲಾಗಿದೆ, ಹುರಿದು ಅರೆದು ಕುದಿಸಿ ಮೈಗೂಡಿಸುವ ಕೈ ಬದಲಾಗಿಲ್ಲ. ಹಾಗಾಗಿ ಇದು ನಮ್ಮದು, ಅದು ಹೊರಗಿನದು ಎಂಬ ಜಗಳ ಬಿಟ್ಟು, ಹೊಲದಲ್ಲಿ, ಸಂತೆಯಲ್ಲಿ ಸಿಗುವುದರಲ್ಲೇ ಗ್ರೇವಿ ಮಾಡಿಕೊಳ್ಳುವ ಧೈರ್ಯ ಬೇಕು. ಉಳ್ಳಾಗಡ್ಡಿ, ಟೊಮೆಟೊ ಬೆಲೆ ಕುಸಿದು ಬೆಳೆದವರು ಕಂಗಾಲಾಗುವ ವಾರಗಳಲ್ಲಿ ನಾಲ್ಕು ಕಿಲೋ ಹೆಚ್ಚು ತಂದು ಗ್ರೇವಿ ಮಾಡಿಟ್ಟರೆ ಬೆಳೆದವರಿಗೂ ಕೊಂಡವರಿಗೂ ಒಳಿತು.

ಮಾಡಿಡುವುದರಲ್ಲಿ ಮಾತ್ರ ಸಡಿಲ ಬೇಡ. ನಮ್ಮ ಭಾಗದ ಬಿಸಿಲಿಗೆ ಗ್ರೇವಿ ಹೊರಗಿದ್ದರೆ ಬೇಗ ಹಳಸುತ್ತದೆ. ಕುದಿದ ಗ್ರೇವಿಯನ್ನು ಅಗಲ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರಿನ ಬುಟ್ಟಿಯಲ್ಲಿಟ್ಟು ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಒಂದೊಂದು ಹೊತ್ತಿಗೆ ಆಗುವಷ್ಟನ್ನು ಒಂದೊಂದು ಸಣ್ಣ ಡಬ್ಬಿಗೆ ತುಂಬಿ. ಕೆಳಗಿನ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಇರುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ, ಬಳಸುವಾಗ ಚೆನ್ನಾಗಿ ಕುದಿಸಿ. ಕರೆಂಟ್ ಬಹಳ ಹೊತ್ತು ಹೋಗಿ ಗ್ರೇವಿ ಕರಗಿ ಬೆಚ್ಚಗಾಗಿದ್ದರೆ, ವಾಸನೆಯಲ್ಲಿ ಅನುಮಾನ ಬಂದರೆ, ಮನಸ್ಸು ಗಟ್ಟಿ ಮಾಡಿ ಚೆಲ್ಲಿ. ಫ್ರಿಜ್ ಇಲ್ಲದ ಮನೆಯವರು ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಮಸಾಲೆ ಖಾರವನ್ನು ಒಣದಾಗಿಯೇ ಕುಟ್ಟಿ ಡಬ್ಬಿಯಲ್ಲಿ ಇಡಲಿ. ಅಂದಂದಿಗೆ ಒಂದೆರಡು ಉಳ್ಳಾಗಡ್ಡಿ ಹುರಿದು ಬೆರೆಸಿಕೊಂಡರೆ ಸಾಕು.

ಇಷ್ಟೆಲ್ಲ ಹೇಳಿದ್ದು ಹೋಟೆಲ್ ರುಚಿಗಾಗಿ ಮಾತ್ರವಲ್ಲ. ನಮ್ಮ ಹಳ್ಳಿಗಳಲ್ಲಿ ಹೊಲದ ಕೆಲಸ ಮುಗಿಸಿ ಸಂಜೆ ಮನೆ ಮುಟ್ಟಿದ ಹೆಣ್ಣುಮಗಳು ಕೈಕಾಲು ತೊಳೆದು ನೇರ ಒಲೆಯ ಮುಂದೆ ಕೂರುತ್ತಾಳೆ. ರೊಟ್ಟಿ ಬಡಿಯಬೇಕು, ಪಲ್ಯ ಆಗಬೇಕು, ಅನ್ನ ಸಾರು ಆಗಬೇಕು. ಪೇಟೆಯಲ್ಲಿ ನೌಕರಿ ಮಾಡುವವಳ ಪಾಡೂ ಬೇರೆಯಲ್ಲ. ಡಬ್ಬಿಯಲ್ಲಿ ಗ್ರೇವಿ ಇದ್ದರೆ ರೊಟ್ಟಿಯ ಹಿಟ್ಟು ನಾದುವ ಹೊತ್ತಿನಲ್ಲಿ ಪಲ್ಯ ಮುಗಿಯುತ್ತದೆ. ದಿನಕ್ಕೆ ಅರ್ಧ ತಾಸು ಅವಳಿಗೆ ಉಳಿಯುತ್ತದೆ. ಆದರೆ ಭಾನುವಾರ ಗ್ರೇವಿ ಮಾಡಿಡಲು ಬೇಕಾದ ಒಂದೂವರೆ ತಾಸನ್ನೂ ಅವಳೊಬ್ಬಳ ಹೆಗಲಿಗೇ ಹೊರಿಸಿದರೆ ಉಳಿಸಿದ್ದೇನು? ಹೋಟೆಲಿನ ಬೇಸ್ ಅನ್ನು ಒಬ್ಬರೇ ಮಾಡುವುದಿಲ್ಲ; ಹೆಚ್ಚುವವರು, ಸುಲಿಯುವವರು, ಹುರಿಯುವವರು ಬೇರೆ ಬೇರೆ. ಮನೆಯಲ್ಲೂ ಹಾಗೇ ಆಗಲಿ. ಒಂದು ಕಿಲೋ ಉಳ್ಳಾಗಡ್ಡಿ ಹೆಚ್ಚುವುದು ಗಂಡನ ಪಾಲಿಗಿರಲಿ, ಬಳ್ಳೊಳ್ಳಿ ಸುಲಿಯುವುದು ಮಕ್ಕಳ ಪಾಲಿಗೆ, ನಲವತ್ತು ನಿಮಿಷ ಕೈಯಾಡಿಸುವುದು ಸರದಿಯ ಮೇಲೆ. ಹೋಟೆಲಿನ ಪಲ್ಯವನ್ನು ಹೊಗಳಿ ತಿನ್ನುವವರು ಅದರ ಹಿಂದಿನ ದುಡಿಮೆಯನ್ನೂ ಮನೆಯಲ್ಲಿ ಹಂಚಿಕೊಳ್ಳಬೇಕು. ಬರುವ ಭಾನುವಾರ ಒಲೆಯ ಮುಂದೆ ಮೊದಲು ನಿಲ್ಲುವವರು ದಿನವೂ ನಿಲ್ಲದವರೇ ಆಗಿರಲಿ.